ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಒಮ್ಮೆ ಬೂಟ್ ಮಾಡಿ ನೋಡಿ: ಚಿಕ್ಕರಸಿನಕೆರೆ ಹೋಬಳಿಯ ಕಂಪ್ಯೂಟರ್ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಚಿಕ್ಕರಸಿನಕೆರೆ ಹೋಬಳಿಯ ಊರುಗಳಿಂದ ಬೆಳಗಿನ ಬಸ್ಸು ಹಿಡಿದು ಭಾರತೀನಗರ, ಮದ್ದೂರು, ಮಳವಳ್ಳಿ, ಮಂಡ್ಯದ ಕಾಲೇಜುಗಳಿಗೆ ಹೋಗಿ ಕಂಪ್ಯೂಟರ್ ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಡಿಪ್ಲೊಮಾದವರಿದ್ದೀರಿ, ಬಿ.ಸಿ.ಎ.ಯವರಿದ್ದೀರಿ, ಬಿ.ಇ. ಓದುವವರೂ ಇದ್ದೀರಿ. ನಾನೂ ಚಿಕ್ಕರಸಿನಕೆರೆ ಕಡೆಯವನೇ. ಲಿನಕ್ಸ್ ನನ್ನ ಹೊಟ್ಟೆಪಾಡಿನ ಕೆಲಸ. ಊರಿಗೆ ಬಂದಾಗ ನಿಮ್ಮಲ್ಲಿ ಕೆಲವರು ಹಳೆಯ ಕಂಪ್ಯೂಟರನ್ನೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನೋ ತಂದು ಮುಂದಿಡುತ್ತೀರಿ. ದೂರು ಹೆಚ್ಚುಕಮ್ಮಿ ಒಂದೇ: ಉಬುಂಟು ಹಾಕಿಕೊಂಡಿದ್ದೆವು, ಚೆನ್ನಾಗಿಯೇ ಓಡುತ್ತಿತ್ತು, ಒಂದು ದಿನ ಕರೆಂಟು ಹೋಗಿ ಬಂತು, ಆಮೇಲಿಂದ ಕಪ್ಪು ಪರದೆಯ ಮೇಲೆ ಕಂಸದೊಳಗೆ ಇನಿಟ್‌ರಾಮ್‌ಎಫ್‌ಎಸ್ ಅಂತ ಬಂದು ಅಲ್ಲೇ ನಿಲ್ಲುತ್ತದೆ. ರಿಪೇರಿಗೆ ಕೊಟ್ಟರೆ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ಪ್ರಾಜೆಕ್ಟು, ಫೋಟೊ, ನೋಟ್ಸು ಎಲ್ಲ ಅದರ ಜೊತೆ ಹೋಗುತ್ತದೆ.

ಮೊದಲು ಆ ಕಪ್ಪು ಪರದೆಯ ವಿಷಯ. ಅಲ್ಲಿ ನಿಂತಿದೆ ಎಂದರೆ ಯಂತ್ರ ಸತ್ತಿಲ್ಲ. ನಿಮ್ಮ ಮಾತಿಗೆ ಕಾಯುತ್ತಿದೆ. ಎರಡು ಸಾಲು ಮೇಲಕ್ಕೆ ಓದಿ. ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ಆಜ್ಞೆಯನ್ನು ನೀವೇ ಓಡಿಸಿ ಎಂಬ ಅರ್ಥದ ಮಾತಿದ್ದರೆ, ಕರೆಂಟು ಹೋದ ಹೊಡೆತಕ್ಕೆ ಡಿಸ್ಕಿನ ಮೇಲಿನ ಕಡತವ್ಯವಸ್ಥೆಯ ಲೆಕ್ಕ ತಪ್ಪಿದೆ ಎಂದರ್ಥ. ಆ ಸಾಲಿನಲ್ಲಿರುವ ಪಾರ್ಟಿಶನ್ನಿನ ಹೆಸರು ಕೊಟ್ಟು ಎಫ್‌ಎಸ್‌ಸಿಕೆ ಓಡಿಸಿ ಎಕ್ಸಿಟ್ ಎಂದು ಹೊಡೆದರೆ ಬಹಳ ಸಲ ಯಂತ್ರ ಎದ್ದು ನಿಲ್ಲುತ್ತದೆ. ಆ ಪಾರ್ಟಿಶನ್ ಇಲ್ಲವೇ ಇಲ್ಲ ಎಂದು ಬರೆದಿದ್ದರೆ ಡಿಸ್ಕೇ ಕಂಡಿಲ್ಲ. ಕೇಬಲ್ಲು ಸಡಿಲವಾಗಿರಬಹುದು, ಬಯಾಸ್ ಸೆಟ್ಟಿಂಗ್ ಬದಲಾಗಿರಬಹುದು, ಡಿಸ್ಕೇ ಕೈಕೊಟ್ಟಿರಬಹುದು. ಕಾರಣ ಯಾವುದೇ ಇರಲಿ, ಫಾರ್ಮ್ಯಾಟ್ ಆಮೇಲಿನ ಮಾತು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನಾನು ನಿಮ್ಮಿಂದ ಬಯಸುವುದು ಇನ್ನೊಂದಿದೆ. ಓದು ಮುಗಿಯುವುದರೊಳಗೆ, ನಿಮ್ಮ ಕೈಲಿರುವ ಒಂದೇ ಒಂದು ಯಂತ್ರಕ್ಕೆಂದು ಕರ್ನಲ್ ಕಂಪೈಲ್ ಮಾಡಿ, ಅದನ್ನು ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡಿ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಬೂಟಿಂಗಿಗೆ ಸಿಗುವುದು ಒಂದೋ ಎರಡೋ ಪುಟ. ಬಾಣದ ಗುರುತು ಹಾಕಿದ ನಾಲ್ಕು ಪೆಟ್ಟಿಗೆಯ ಒಂದು ಚಿತ್ರ. ಆ ಬಾಣಗಳ ಒಳಗೆ ಏನಾಗುತ್ತದೆ ಎಂಬುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಗುಂಡಿ ಒತ್ತಿದ ಮೇಲೆ ಯಂತ್ರದ ಫರ್ಮ್‌ವೇರ್ ಏಳುತ್ತದೆ, ಅದು ಗ್ರಬ್ ಎಂಬ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಗ್ರಬ್ ಡಿಸ್ಕಿನಿಂದ ಎರಡು ಕಡತಗಳನ್ನು ಮೆಮೊರಿಗೆ ತಂದಿಡುತ್ತದೆ. ಒಂದು ಕರ್ನಲ್. ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್, ಅಂದರೆ ಗಂಟು ಕಟ್ಟಿದ ಒಂದು ಪುಟ್ಟ ಕಡತವ್ಯವಸ್ಥೆ. ಅದರಲ್ಲಿ ಡಿಸ್ಕಿನ ಡ್ರೈವರುಗಳು, ಕೆಲವು ಸಣ್ಣ ಪ್ರೋಗ್ರಾಮುಗಳು, ಇನಿಟ್ ಎಂಬ ಒಂದು ಸ್ಕ್ರಿಪ್ಟು ಇರುತ್ತವೆ. ಕರ್ನಲ್ ಎದ್ದು ಆ ಗಂಟನ್ನು ಮೆಮೊರಿಯಲ್ಲೇ ಬಿಚ್ಚಿ ಇನಿಟ್ ಓಡಿಸುತ್ತದೆ. ಅದು ಬೇಕಾದ ಡ್ರೈವರು ಹಾಕಿ, ನಿಜವಾದ ರೂಟ್ ಪಾರ್ಟಿಶನ್ ಎಲ್ಲಿದೆ ಎಂದು ಹುಡುಕಿ, ಮೌಂಟ್ ಮಾಡಿ, ಯಜಮಾನಿಕೆಯನ್ನು ಅಲ್ಲಿನ ಸಿಸ್ಟಮ್‌ಡಿಗೆ ವಹಿಸಿ ತಾನು ಹಿಂದೆ ಸರಿಯುತ್ತದೆ.

ಈ ಎರಡನೇ ಕಡತ ಯಾಕೆ ಬೇಕು? ಡಿಸ್ಕ್ ಓದಲು ಡ್ರೈವರ್ ಬೇಕು. ಡ್ರೈವರ್ ಇರುವುದು ಅದೇ ಡಿಸ್ಕಿನ ಮೇಲೆ. ಆಲೆಮನೆ ನೋಡಿ ಬೆಳೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕೊಪ್ಪರಿಗೆಯ ಕೆಳಗೆ ಉರಿಯುವುದು ಅದೇ ಕಬ್ಬನ್ನು ಹಿಂಡಿದ ರಚ್ಚು. ಆದರೆ ಗಾಣದಿಂದ ಆಗತಾನೇ ಬಿದ್ದ ರಚ್ಚು ಹಸಿ, ಹೊತ್ತುವುದಿಲ್ಲ. ಮೊದಲ ಅಡಿಗೆಗೆ ಒಲೆ ಹಚ್ಚಲು ಮುಂಚೆಯೇ ಒಣಗಿಸಿ ಎತ್ತಿಟ್ಟಿದ್ದು ಬೇಕು. ಇನಿಟ್‌ರಾಮ್‌ಎಫ್‌ಎಸ್ ಹಾಗೆ ಎತ್ತಿಟ್ಟ ಒಣ ರಚ್ಚು.

ಲಿನಕ್ಸ್ ಹುಟ್ಟಿದಾಗ ಇದು ಇರಲಿಲ್ಲ. 1991ರ ಲಿನಕ್ಸಿನಲ್ಲಿ ಬೇಕಾದ ಡ್ರೈವರುಗಳೆಲ್ಲ ಕರ್ನಲ್ಲಿನ ಒಳಗೇ ಬೆಸೆದುಕೊಂಡಿದ್ದವು. ಮುಂದೆ ಬಗೆಬಗೆಯ ಡಿಸ್ಕುಗಳು, ಕಂಟ್ರೋಲರುಗಳು ಬಂದವು. ಎಲ್ಲವನ್ನೂ ಒಂದೇ ಕರ್ನಲ್ಲಿಗೆ ತುಂಬಿದರೆ ಅದು ಫ್ಲಾಪಿಯಲ್ಲೂ ಹಿಡಿಸದು, ಆಗಿನ ಮೆಮೊರಿಗೂ ಭಾರ. 1996ರ ಹೊತ್ತಿಗೆ ಇನಿಟ್‌ಆರ್‌ಡಿ ಬಂತು; ವರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಬರೆದ ಅದರ ವಿವರಣೆ ಬಹಳ ಕಾಲ ಕರ್ನಲ್ಲಿನ ಜೊತೆಗೇ ಬರುತ್ತಿತ್ತು. ಅದು ಮೆಮೊರಿಯಲ್ಲಿ ಒಂದು ಡಿಸ್ಕಿನಂತೆಯೇ ನಟಿಸುತ್ತಿತ್ತು, ಗಾತ್ರ ಮೊದಲೇ ಗೊತ್ತುಮಾಡಿದ್ದು, ಅದನ್ನು ಓದಲೂ ಒಂದು ಕಡತವ್ಯವಸ್ಥೆಯ ಡ್ರೈವರ್ ಬೇಕಿತ್ತು. 2.6 ಕರ್ನಲ್ಲಿನ ಕಾಲಕ್ಕೆ, 2003ರ ಹೊತ್ತಿಗೆ, ಅದರ ಜಾಗಕ್ಕೆ ಇನಿಟ್‌ರಾಮ್‌ಎಫ್‌ಎಸ್ ಬಂತು: ಸಿಪಿಐಒ ಎಂಬ ಹಳೆಯ ಯುನಿಕ್ಸ್ ರೂಪದ ಒಂದು ಕಟ್ಟು, ಬಿಚ್ಚಿದಷ್ಟೇ ಜಾಗ. ಆದರೂ ಗ್ರಬ್ ಮೆನುವಿನಲ್ಲಿ ಈ ಕಡತವನ್ನು ತರುವ ಸಾಲಿಗೆ ಇಂದಿಗೂ ಇನಿಟ್‌ಆರ್‌ಡಿ ಎಂಬ ಹಳೆಯ ಹೆಸರೇ ಉಳಿದಿದೆ.

ನನಗೆ ಬಹಳ ಹಿಡಿಸಿದ ಒಂದು ಸಂಗತಿ ಹೇಳುತ್ತೇನೆ. ನೀವು ಇನಿಟ್‌ರಾಮ್‌ಎಫ್‌ಎಸ್ ಕೊಡದೆ ಬೂಟ್ ಮಾಡಿದರೂ ಪೂರಾ ಇಲ್ಲವೆಂದೇನಲ್ಲ. 2.6ರಿಂದೀಚೆಗೆ ಪ್ರತಿ ಕರ್ನಲ್ ಕಂಪೈಲ್ ಆಗುವಾಗಲೂ ತನ್ನ ಹೊಟ್ಟೆಯಲ್ಲಿ ಒಂದು ಖಾಲಿ ಕಟ್ಟನ್ನು ಇಟ್ಟುಕೊಳ್ಳುತ್ತದೆ. ಎಕ್ಸ್86 ಯಂತ್ರದಲ್ಲಿ ಅದರ ತೂಕ 134 ಬೈಟು ಎಂದು ಕರ್ನಲ್ಲಿನ ದಾಖಲೆಯೇ ಹೇಳುತ್ತದೆ. ಅದರೊಳಗೆ ಇನಿಟ್ ಕಾಣದಿದ್ದಾಗ ಮಾತ್ರ ಕರ್ನಲ್ ತನ್ನ ಹಳೆಯ ದಾರಿ ಹಿಡಿಯುತ್ತದೆ, ಅಂದರೆ ತಾನೇ ಹೋಗಿ ರೂಟ್ ಪಾರ್ಟಿಶನ್ ಮೌಂಟ್ ಮಾಡುತ್ತದೆ. ನಾವು ಹಿಡಿಯಬೇಕಾದ್ದು ಈ ಹಳೆಯ ದಾರಿಯನ್ನೇ.

ನಮ್ಮ ನಾಡಿನ ಒಂದು ತಲೆಮಾರಿಗೆ ಈ ದಾರಿ ಹೊಸದಲ್ಲ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿ.ಡಿ.ಯನ್ನು ಓದುಗರ ಕೈಗೆ ಕೊಟ್ಟಿತು. ಅದರ ಹಿಂದಿದ್ದವರು ಬೆಂಗಳೂರಿನಲ್ಲಿದ್ದ ಅತುಲ್ ಚಿಟ್ನಿಸ್. ಇಂಟರ್ನೆಟ್ಟಿಗೆ ಮಿನಿಟ್ಟಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಲಿನಕ್ಸ್ ಅನೇಕರಿಗೆ ಸಿಕ್ಕಿದ್ದು ಹೀಗೆ. ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಶುರುಮಾಡಿದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು 2012ರವರೆಗೆ ನಡೆಯಿತು. ಆ ದಿನಗಳಲ್ಲಿ ಸೌಂಡ್ ಕಾರ್ಡ್ ಹಾಡಲಿಲ್ಲ ಎಂದರೆ ಕರ್ನಲ್ ಕಂಪೈಲ್ ಮಾಡುವುದು ಮಾಮೂಲಿ. ರಾತ್ರಿ ಕಂಪೈಲಿಗೆ ಹಾಕಿ ಬೆಳಗ್ಗೆ ಎದ್ದು ನೋಡುತ್ತಿದ್ದರು. ಅದೇ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ಸಿಂಪ್ಯೂಟರ್ ರೂಪಿಸಿದರು. ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುತ್ತಿದ್ದ ಅಂಗೈಯಗಲದ ಯಂತ್ರ. 2004ರಲ್ಲಿ ಅದರ ಒಂದು ರೂಪವನ್ನು ಬೆಂಗಳೂರಿನ ಬಿಇಎಲ್ ತಯಾರಿಸಿತು. ಮಾರಾಟದಲ್ಲಿ ಅದು ಗೆಲ್ಲಲಿಲ್ಲ, ನಿಜ. ಆದರೆ ಒಂದು ಬೋರ್ಡಿನ ಮೇಲೆ ಯಾವ ಚಿಪ್ಪಿದೆ, ಅದಕ್ಕೆ ಯಾವ ಡ್ರೈವರ್ ಬೇಕು ಎಂದು ಪೂರಾ ತಿಳಿದು ಲಿನಕ್ಸ್ ಕಟ್ಟಿದ ಜನ ನಮ್ಮಿಂದ ನೂರು ಕಿಲೋಮೀಟರಿನ ಒಳಗೇ ಇದ್ದರು ಎನ್ನುವುದು ನಿಮಗೆ ಗೊತ್ತಿರಬೇಕು.

ಹಾಗೆಂದು ಇನಿಟ್‌ರಾಮ್‌ಎಫ್‌ಎಸ್ ದಂಡದ ಹೊರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳದ ಐಟಿ@ಸ್ಕೂಲ್ ಯೋಜನೆ, ಈಗಿನ ಕೈಟ್, ಅಲ್ಲಿನ ಸರ್ಕಾರಿ ಶಾಲೆಗಳಿಗೆಲ್ಲ ಉಬುಂಟು ಆಧರಿಸಿದ ಒಂದೇ ಲಿನಕ್ಸನ್ನು ಸಿದ್ಧಪಡಿಸಿ ಹಂಚಿದೆ. ಅಲ್ಲಿನ ಕನ್ನಡದ ಮಕ್ಕಳು ಐ.ಸಿ.ಟಿ. ಪಾಠವನ್ನು ಕನ್ನಡದ ಪುಸ್ತಕದಲ್ಲಿ ಓದಿ ಲಿನಕ್ಸಿನ ಮೇಲೆ ಕಲಿಯುತ್ತಾರೆ. ಒಂದು ಶಾಲೆಯಲ್ಲಿ ಹೊಸ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಹತ್ತು ವರ್ಷದ ಡೆಸ್ಕ್‌ಟಾಪು. ಯಾವ ಯಂತ್ರದೊಳಗೆ ಯಾವ ಕಂಟ್ರೋಲರ್ ಇದೆಯೋ ತಿರುವನಂತಪುರದಲ್ಲಿ ಕುಳಿತವರಿಗೆ ಹೇಗೆ ತಿಳಿಯಬೇಕು? ಇನಿಟ್‌ರಾಮ್‌ಎಫ್‌ಎಸ್ ಎಲ್ಲ ಡ್ರೈವರುಗಳನ್ನೂ ಹೊತ್ತುಕೊಂಡು ಹೋಗಿ, ಆ ಯಂತ್ರದೆದುರು ನಿಂತು, ನಿನಗೆ ಯಾವುದು ಬೇಕು ಎಂದು ಕೇಳುತ್ತದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ನಮ್ಮ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರ ಜೊತೆ ಉಬುಂಟು ಇಟ್ಟುಕೊಂಡು ಮಾಡಿದ ಕೆಲಸಕ್ಕೂ ಇದೇ ಮಾತು. ಗುರುತಿಲ್ಲದ ಸಾವಿರ ಯಂತ್ರಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆದರೆ ನಿಮ್ಮ ಮೇಜಿನ ಮೇಲಿರುವುದು ಒಂದು ಯಂತ್ರ. ಅದು ನಿಮಗೆ ಗುರುತಿಲ್ಲದ್ದಾಗಿ ಉಳಿಯಬೇಕಿಲ್ಲ.

ಕರ್ನಲ್ ಕಂಪೈಲ್ ಮಾಡುವುದಕ್ಕೂ ಮುಂಚೆ ಒಂದು ಪ್ರಯೋಗ ಮಾಡಿ. ಇದರಿಂದ ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ. ಯಂತ್ರ ಶುರುವಾಗುವಾಗ ಗ್ರಬ್ ಮೆನು ತರಿಸಿ (ಕೆಲವು ಯಂತ್ರಗಳಲ್ಲಿ ಶಿಫ್ಟ್, ಕೆಲವುದರಲ್ಲಿ ಎಸ್ಕೇಪ್), ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ಅಲ್ಲಿ ಇನಿಟ್‌ಆರ್‌ಡಿ ಎಂದು ಶುರುವಾಗುವ ಸಾಲನ್ನು ಅಳಿಸಿ. ಎಫ್10 ಒತ್ತಿ. ಯಂತ್ರ ಬಹುಶಃ ಕರ್ನಲ್ ಪ್ಯಾನಿಕ್ ಎಂದು ನಿಲ್ಲುತ್ತದೆ. ಹೆದರಬೇಡಿ, ಪವರ್ ಗುಂಡಿ ಹಿಡಿದು ಆರಿಸಿ ಮತ್ತೆ ಹಚ್ಚಿ. ನೀವು ಅಳಿಸಿದ್ದು ಆ ಒಂದು ಬೂಟಿಗೆ ಮಾತ್ರ, ಎಲ್ಲ ಮೊದಲಿನಂತಿರುತ್ತದೆ. ಆರಿಸುವ ಮುನ್ನ ಪರದೆಯ ಫೋಟೊ ತೆಗೆದುಕೊಳ್ಳಿ. ಇನ್ನು ಮುಂದಿನ ಪಾಠವೆಲ್ಲ ಆ ಫೋಟೊದಲ್ಲಿದೆ.

ಕೊನೆಯಲ್ಲಿ ರೂಟ್ ಮೌಂಟ್ ಮಾಡಲಾಗಲಿಲ್ಲ, ಅನ್‌ನೋನ್ ಬ್ಲಾಕ್ 0,0 ಎಂದಿದೆಯೇ? ಆ ಎರಡು ಸೊನ್ನೆಗಳು ಬಹಳ ಹೇಳುತ್ತವೆ. ಲಿನಕ್ಸಿನಲ್ಲಿ ಪ್ರತಿ ಡಿಸ್ಕಿಗೂ ಪಾರ್ಟಿಶನ್ನಿಗೂ ಒಂದು ಜೋಡಿ ಸಂಖ್ಯೆ ಇರುತ್ತದೆ. 0,0 ಎಂದರೆ ನೀವು ಹೇಳಿದ ಹೆಸರಿನ ಪಾರ್ಟಿಶನ್ ಯಾವುದು ಎಂದು ಕರ್ನಲ್ಲಿಗೆ ತಿಳಿಯಲೇ ಇಲ್ಲ. ಆಗ ಮೇಲಿನ ಸಾಲುಗಳನ್ನು ಓದಿ. ಕರ್ನಲ್ ಸಾಯುವ ಮುನ್ನ ತನಗೆ ಕಂಡ ಪಾರ್ಟಿಶನ್ನುಗಳ ಪಟ್ಟಿ ಕೊಟ್ಟಿರುತ್ತದೆ. ಪಟ್ಟಿ ಖಾಲಿಯಿದ್ದರೆ, ಅಥವಾ ಡಿವಿಡಿ ಡ್ರೈವ್ ಮಾತ್ರ ಇದ್ದರೆ, ಡಿಸ್ಕ್ ಕಂಟ್ರೋಲರಿನ ಡ್ರೈವರ್ ಇಲ್ಲ. ಉಬುಂಟುವಿನ ಕರ್ನಲ್ಲಿನಲ್ಲಿ ಎಕ್ಸ್ಟ್4 ಕಡತವ್ಯವಸ್ಥೆಯ ಡ್ರೈವರ್ ಒಳಗೇ ಬೆಸೆದಿರುತ್ತದೆ, ಆದರೆ ಸಾಟಾ ಡಿಸ್ಕಿಗೆ ಬೇಕಾದ ಎಎಚ್‌ಸಿಐ ಡ್ರೈವರ್ ಮಾಡ್ಯೂಲಾಗಿ ಹೊರಗಿರುತ್ತದೆ. ಹಾಗಾಗಿ ನಿಮಗೆ ಕಾಣುವುದು ಹೆಚ್ಚಾಗಿ ಈ ಖಾಲಿ ಪಟ್ಟಿಯೇ.

ಪಟ್ಟಿಯಲ್ಲಿ ಪಾರ್ಟಿಶನ್ನುಗಳೆಲ್ಲ ಇವೆ, ಆದರೂ 0,0? ಆಗ ಡ್ರೈವರ್ ಸರಿಯಿದೆ, ನೀವು ಕೊಟ್ಟ ವಿಳಾಸ ತಪ್ಪು. ಬಹಳ ಜನ ಎಡವುವುದು ಇಲ್ಲೇ. ಗ್ರಬ್ ಸಾಲಿನಲ್ಲಿ ರೂಟ್ ಎಂಬುದರ ಮುಂದೆ ಯುಯುಐಡಿ ಕೊಟ್ಟಿರುತ್ತಾರೆ. ಅದು ಕಡತವ್ಯವಸ್ಥೆಯ ಒಳಗೆ ಬರೆದಿರುವ ಗುರುತು. ಅದನ್ನು ಹುಡುಕುವುದು ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಪ್ರೋಗ್ರಾಮುಗಳ ಕೆಲಸ, ಕರ್ನಲ್ಲಿಗೆ ಅದು ಬಾರದು. ಕರ್ನಲ್ಲಿಗೆ ತಿಳಿಯುವುದು ಪಾರ್ಟ್‌ಯುಯುಐಡಿ, ಅಂದರೆ ಪಾರ್ಟಿಶನ್ ಟೇಬಲ್ಲಿನಲ್ಲಿರುವ ಗುರುತು. ಬಿಎಲ್‌ಕೆಐಡಿ ಎಂಬ ಆಜ್ಞೆ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಎಸ್‌ಡಿಎ2 ಎಂಬ ಹೆಸರನ್ನೇ ನೇರವಾಗಿ ಕೊಡಬಹುದು, ಆದರೆ ಪೆನ್‌ಡ್ರೈವ್ ಸಿಕ್ಕಿಸಿ ಬೂಟ್ ಮಾಡಿದ ದಿನ ಎಸ್‌ಡಿಎ ಹೋಗಿ ಎಸ್‌ಡಿಬಿ ಆದೀತು. ಪಾರ್ಟ್‌ಯುಯುಐಡಿ ಬದಲಾಗುವುದಿಲ್ಲ.

ಸಂಖ್ಯೆ 0,0 ಅಲ್ಲದೆ 8,2 ಎಂದಿದ್ದರೆ ಕಥೆಯೇ ಬೇರೆ. 8 ಎಂದರೆ ಎಸ್‌ಡಿ ಬಗೆಯ ಡಿಸ್ಕು, 2 ಎಂದರೆ ಮೊದಲ ಡಿಸ್ಕಿನ ಎರಡನೇ ಪಾರ್ಟಿಶನ್. ಕರ್ನಲ್ ಡಿಸ್ಕನ್ನು ಕಂಡಿದೆ, ಪಾರ್ಟಿಶನ್ನನ್ನೂ ಹಿಡಿದಿದೆ, ಒಳಗಿನ ಕಡತವ್ಯವಸ್ಥೆ ಓದಲು ಬಂದಿಲ್ಲ. ಎಕ್ಸ್ಟ್4 ಬೆಸೆದಿಲ್ಲ ಎಂದು ಅರ್ಥ. ಇನ್ನೊಂದು ಬಗೆಯ ಸಾವಿದೆ: ರೂಟ್ ಮೌಂಟ್ ಆಯಿತು, ಆಮೇಲೆ ಕೆಲಸ ಮಾಡುವ ಇನಿಟ್ ಸಿಗಲಿಲ್ಲ ಎಂದು ನಿಂತಿತು. ಕರ್ನಲ್ ಎಸ್‌ಬಿನ್ ಇನಿಟ್, ಇಟಿಸಿ ಇನಿಟ್, ಬಿನ್ ಇನಿಟ್, ಕೊನೆಗೆ ಬರೀ ಶೆಲ್, ಹೀಗೆ ನಾಲ್ಕು ಕಡೆ ಹುಡುಕಿ ಕೈಚೆಲ್ಲಿದೆ. ಸಾಮಾನ್ಯವಾಗಿ ಇದು ತಪ್ಪು ಪಾರ್ಟಿಶನ್ ಮೌಂಟ್ ಆದಾಗ ಬರುತ್ತದೆ, ಹೋಮ್ ಪಾರ್ಟಿಶನ್ನನ್ನು ರೂಟ್ ಎಂದು ಕೊಟ್ಟಾಗ ಉದಾಹರಣೆಗೆ. ಈ ಮೂರು ನಾಲ್ಕು ಬಗೆಯ ಸಾವನ್ನು ನೀವೇ ಬೇಕೆಂದು ತರಿಸಿ ನೋಡಿ, ಫೋಟೊ ತೆಗೆದಿಡಿ. ಮುಂದೆ ಯಾವ ಸರ್ವರ್ ರೂಮಿನಲ್ಲಿ ಯಾವ ಯಂತ್ರ ಹೀಗೆ ನಿಂತರೂ, ಎಷ್ಟನೇ ಮೆಟ್ಟಿಲಿನಲ್ಲಿ ನಿಂತಿದೆ ಎಂದು ನೋಡಿದ ಕೂಡಲೇ ಹೇಳುತ್ತೀರಿ.

ಈಗ ಕರ್ನಲ್ಲು. ಡಿಸ್ಕಿನವರೆಗಿನ ದಾರಿಯಲ್ಲಿರುವ ಪ್ರತಿ ಡ್ರೈವರನ್ನೂ ಒಳಗೆ ಬೆಸೆಯಬೇಕು, ದಾರಿಯಲ್ಲಿಲ್ಲದ್ದನ್ನು ಮಾಡ್ಯೂಲಾಗಿಯೇ ಬಿಡಬೇಕು. ಎಲ್‌ಎಸ್‌ಪಿಸಿಐ ಆಜ್ಞೆಗೆ ಹೈಫನ್ ಕೆ ಸೇರಿಸಿದರೆ ಯಾವ ಕಂಟ್ರೋಲರನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂದು ತೋರಿಸುತ್ತದೆ. ಹೊಸ ಲ್ಯಾಪ್‌ಟಾಪಾದರೆ ಎನ್‌ವಿಎಂಇ. ಸಾಟಾ ಡಿಸ್ಕಾದರೆ ಎಎಚ್‌ಸಿಐ. ಹಳೆಯ ಇಂಟೆಲ್ ಡೆಸ್ಕ್‌ಟಾಪುಗಳಲ್ಲಿ ಬಯಾಸ್‌ನಲ್ಲಿ ಐಡಿಇ ಎಂದಿಟ್ಟಿದ್ದರೆ ಎಟಿಎ ಪಿಐಐಎಕ್ಸ್. ಸಾಟಾಗೆ ಇದಿಷ್ಟೇ ಸಾಲದು. ಲಿನಕ್ಸಿನಲ್ಲಿ ಸಾಟಾ ಡಿಸ್ಕುಗಳು ಸ್ಕಸಿ ಪದರದ ಮೂಲಕವೇ ಬರುವುದರಿಂದ ಸ್ಕಸಿ ಡಿಸ್ಕ್ ಸಪೋರ್ಟನ್ನೂ ಬೆಸೆಯಬೇಕು. ಜಿಪಿಟಿ ಪಾರ್ಟಿಶನ್ ಟೇಬಲ್ ಓದುವ ಆಯ್ಕೆ ಬೇಕು, ಎಕ್ಸ್ಟ್4 ಬೇಕು, ಡೆವ್‌ಟಿಎಂಪಿಎಫ್‌ಎಸ್ ಬೇಕು, ಅದನ್ನು ತಾನಾಗಿ ಮೌಂಟ್ ಮಾಡುವ ಆಯ್ಕೆಯೂ ಬೇಕು. ಇಲ್ಲವಾದರೆ ಡೆವ್ ಡೈರೆಕ್ಟರಿ ಖಾಲಿಯಿದ್ದು ಮೊದಲ ಪ್ರೋಗ್ರಾಮಿಗೆ ಮಾತಾಡಲು ಕನ್ಸೋಲೇ ಸಿಗದು. ಕರ್ನಲ್ಲಿನ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ ಇವುಗಳ ಮುಂದೆ ‘ಎಂ’ ಅಲ್ಲ, ನಕ್ಷತ್ರ ಕಾಣಬೇಕು.

ಇಷ್ಟು ದೊಡ್ಡ ಮೆನುವಿನಲ್ಲಿ ದಾರಿ ತಪ್ಪುವುದು ಸಹಜ. ಸ್ಟೀವನ್ ರಾಸ್ಟೆಡ್ ಕೊಟ್ಟ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಸೌಲಭ್ಯ ಕರ್ನಲ್ ಮೂಲದಲ್ಲೇ ಇದೆ. ಸದ್ಯ ಓಡುತ್ತಿರುವ ನಿಮ್ಮ ಲಿನಕ್ಸಿನಲ್ಲಿ ಯಾವ ಮಾಡ್ಯೂಲುಗಳು ಕೆಲಸದಲ್ಲಿವೆ ಎಂದು ನೋಡಿ ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಹಳೆಯ ಯಂತ್ರದಲ್ಲಿ ಕಂಪೈಲ್ ಆಗುವ ಹೊತ್ತು ಬಹಳ ಇಳಿಯುತ್ತದೆ. ಅದನ್ನು ಓಡಿಸುವ ಮುನ್ನ ನೀವು ಬಳಸುವ ಪೆನ್‌ಡ್ರೈವು, ಪ್ರಿಂಟರು, ವೈಫೈ ಡಾಂಗಲ್, ಫೋನಿನ ಕೇಬಲ್ಲು ಎಲ್ಲವನ್ನೂ ಸಿಕ್ಕಿಸಿಕೊಂಡಿರಿ, ಇಲ್ಲದಿದ್ದರೆ ಅವುಗಳ ಡ್ರೈವರುಗಳೂ ಬಿಟ್ಟುಹೋಗುತ್ತವೆ. ಎಲ್ಲವನ್ನೂ ಒಳಗೇ ಬೆಸೆಯುವ ಲೋಕಲ್‌ಯೆಸ್‌ಕಾನ್ಫಿಗ್ ಕೂಡ ಇದೆ, ಆದರೆ ನಾನು ಅದನ್ನು ಹೇಳುವುದಿಲ್ಲ. ವೈಫೈ, ಗ್ರಾಫಿಕ್ಸ್ ಡ್ರೈವರುಗಳು ಏಳುವಾಗ ಡಿಸ್ಕಿನಿಂದ ಫರ್ಮ್‌ವೇರ್ ಕೇಳುತ್ತವೆ. ಅವನ್ನು ಬೆಸೆದುಬಿಟ್ಟರೆ ರೂಟ್ ಮೌಂಟ್ ಆಗುವ ಮೊದಲೇ ಕೇಳಿ, ಸಿಗದೆ, ಸುಮ್ಮನಾಗುತ್ತವೆ. ಮಾಡ್ಯೂಲಾಗಿಯೇ ಇರಲಿ. ಉಬುಂಟುವಿನ ಕಾನ್ಫಿಗ್ ಕಡತವನ್ನು ನಕಲು ಮಾಡಿ ಶುರುಮಾಡುವವರು ಟ್ರಸ್ಟೆಡ್ ಕೀಸ್ ಎಂಬ ಆಯ್ಕೆಯಲ್ಲಿರುವ ಕಡತದ ಹೆಸರನ್ನು ಖಾಲಿ ಮಾಡಿ. ಅದು ಉಬುಂಟುವಿನವರ ಪ್ರಮಾಣಪತ್ರ, ನಿಮ್ಮಲ್ಲಿರುವುದಿಲ್ಲ, ಕಂಪೈಲ್ ಅಲ್ಲಿಗೇ ನಿಂತುಹೋಗುತ್ತದೆ.

ಕರ್ನಲ್ ಸಿದ್ಧವಾದ ಮೇಲೆ ಹಳೆಯ ಮೆನು ಸಾಲನ್ನು ಮುಟ್ಟಬೇಡಿ. ಗ್ರಬ್‌ನ 40 ಕಸ್ಟಮ್ ಕಡತದಲ್ಲಿ ಹೊಸ ಸಾಲೊಂದನ್ನು ಬರೆಯಿರಿ: ನಿಮ್ಮ ಕರ್ನಲ್ಲಿನ ಹೆಸರು, ರೂಟ್‌ಗೆ ಪಾರ್ಟ್‌ಯುಯುಐಡಿ, ಮೊದಲು ಓದಲು ಮಾತ್ರ ಮೌಂಟ್ ಮಾಡು ಎಂಬ ಆರ್‌ಒ, ಡಿಸ್ಕ್ ಕಾಣುವವರೆಗೆ ಕಾಯು ಎಂಬ ರೂಟ್‌ವೇಟ್. ಇನಿಟ್‌ಆರ್‌ಡಿ ಸಾಲು ಬೇಡ. ಆರ್‌ಒ ಮರೆಯಬೇಡಿ, ನಮ್ಮ ಕಡೆ ಕರೆಂಟು ಹೋಗಿಬರುವ ರೀತಿಗೆ ಕಡತವ್ಯವಸ್ಥೆಯ ತಪಾಸಣೆ ಆಗಲೇಬೇಕು, ಈ ದಾರಿಯಲ್ಲಿ ಅದನ್ನು ಸಿಸ್ಟಮ್‌ಡಿ ಮಾಡಿ ಮುಗಿಸಿದ ಮೇಲೆಯೇ ಬರೆಯಲು ಬಿಡುತ್ತದೆ. ಸೆಕ್ಯೂರ್ ಬೂಟ್ ಇರುವ ಯಂತ್ರ ನಿಮ್ಮ ಸಹಿಯಿಲ್ಲದ ಕರ್ನಲ್ಲನ್ನು ಒಪ್ಪುವುದಿಲ್ಲ. ಸಹಿ ಹಾಕುವುದನ್ನು ಕಲಿಯಿರಿ, ಇಲ್ಲವೇ ಪ್ರಯೋಗದ ಯಂತ್ರದಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿ.

ಈ ದಾರಿ ಎಲ್ಲಿ ಬೇಡ ಎಂದೂ ಹೇಳಬೇಕು. ಲ್ಯಾಪ್‌ಟಾಪಿನ ಡಿಸ್ಕನ್ನು ಪಾಸ್‌ವರ್ಡ್ ಹಾಕಿ ಗೂಢಲಿಪಿಯಲ್ಲಿಟ್ಟಿದ್ದರೆ, ಆ ಪಾಸ್‌ವರ್ಡ್ ಕೇಳಿ ಬೀಗ ತೆಗೆಯುವುದೇ ಇನಿಟ್‌ರಾಮ್‌ಎಫ್‌ಎಸ್, ಅದನ್ನು ಕಳೆದುಕೊಳ್ಳಬೇಡಿ. ಎಲ್‌ವಿಎಂ ಮೇಲೆ ರೂಟ್ ಇದ್ದರೆ ಬೇಡ. ಯುಎಸ್‌ಆರ್ ಡೈರೆಕ್ಟರಿ ಬೇರೆ ಪಾರ್ಟಿಶನ್ನಿನಲ್ಲಿದ್ದರೂ ಬೇಡ. ಮನೆಯಲ್ಲಿ ಅಕ್ಕನೋ ಅಪ್ಪನೋ ದಿನವೂ ಬಳಸುವ ಯಂತ್ರವನ್ನಂತೂ ಮುಟ್ಟಬೇಡಿ. ವೇಗದ ಆಸೆಯಿಂದ ಮಾಡುವವರಿಗೂ ಬೇಡ ಎನ್ನುತ್ತೇನೆ. ಉಳಿಯುವುದು ಕೆಲವೇ ಸೆಕೆಂಡು. ಅಷ್ಟೇ ಬೇಕಿದ್ದರೆ ಉಬುಂಟುವಿನ ಇನಿಟ್‌ರಾಮ್‌ಎಫ್‌ಎಸ್ ಸಂರಚನೆಯಲ್ಲಿ ಮಾಡ್ಯೂಲ್ಸ್ ಎಂಬಲ್ಲಿ ಮೋಸ್ಟ್ ಬದಲು ಡೆಪ್ ಎಂದು ಬರೆದರೆ ಸಾಕು, ಈ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನು ಮಾತ್ರ ತುಂಬಿಕೊಂಡು ಕಡತ ಸಣ್ಣದಾಗುತ್ತದೆ.

ಇನಿಟ್‌ರಾಮ್‌ಎಫ್‌ಎಸ್ ಬಿಟ್ಟು ಬೂಟ್ ಮಾಡುವುದನ್ನು ಯಾರು ಮಾಡುತ್ತಾರೆ ಎಂದು ಕೇಳುತ್ತೀರೇನೋ. ಮನೆಯ ವೈಫೈ ರೌಟರುಗಳಿಗೆ ಹಾಕುವ ಓಪನ್‌ಡಬ್ಲ್ಯೂಆರ್‌ಟಿ ಇದೆಯಲ್ಲ, ಅದರ ಕರ್ನಲ್ ಫ್ಲ್ಯಾಶ್ ಚಿಪ್ಪಿನ ಮೇಲಿನ ಸ್ಕ್ವಾಷ್‌ಎಫ್‌ಎಸ್ಸನ್ನು ನೇರವಾಗಿ ರೂಟ್ ಎಂದು ಮೌಂಟ್ ಮಾಡುತ್ತದೆ. ರಾಸ್ಪ್‌ಬೆರಿ ಪೈ ಇರುವ ಕಾಲೇಜುಗಳಲ್ಲಿ ಅದರ ಕಾರ್ಡನ್ನು ತೆಗೆದು ಸಿಎಂಡಿಲೈನ್ ಎಂಬ ಕಡತ ತೆರೆದು ನೋಡಿ: ರೂಟ್, ಪಾರ್ಟ್‌ಯುಯುಐಡಿ, ರೂಟ್‌ವೇಟ್, ನಾನು ಮೇಲೆ ಬರೆದದ್ದೇ ಅಲ್ಲಿದೆ. 2023ರ ಬುಕ್‌ವರ್ಮ್ ಆವೃತ್ತಿ ಬರುವವರೆಗೆ ಪೈ ಯಂತ್ರಗಳು ಮಾಮೂಲಾಗಿ ಏಳುತ್ತಿದ್ದದ್ದು ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆಯೇ. ಆಂಡ್ರಾಯ್ಡ್ 9 ಇಟ್ಟುಕೊಂಡೇ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಮಾಮೂಲಿ ಬೂಟಿನಲ್ಲಿ ಕರ್ನಲ್ ಸಿಸ್ಟಮ್ ಪಾರ್ಟಿಶನ್ನನ್ನೇ ರೂಟಾಗಿ ಮೌಂಟ್ ಮಾಡುತ್ತಿತ್ತು. ಪಾರ್ಟಿಶನ್ನುಗಳ ಗಾತ್ರ ಬದಲಿಸುವ ಸೌಲಭ್ಯ ತಂದ ಆಂಡ್ರಾಯ್ಡ್ 10ರಲ್ಲಿ ಮತ್ತೆ ರಾಮ್‌ಡಿಸ್ಕಿಗೆ ಮರಳಿದರು. ಅವಶ್ಯವಿದ್ದಾಗ ತರುವುದು, ಇಲ್ಲದಾಗ ಬಿಡುವುದು. ಉಬುಂಟುವಿನ ಕೆಲವು ಕ್ಲೌಡ್ ಇಮೇಜುಗಳು ಇನ್ನೂ ಜಾಣತನ ಮಾಡುತ್ತವೆ: ಮೊದಲು ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಏಳಲು ನೋಡುತ್ತವೆ, ಪ್ಯಾನಿಕ್ ಆದರೆ ತಕ್ಷಣ ರೀಬೂಟ್ ಆಗಿ, ಗ್ರಬ್ ಆ ಸೋಲನ್ನು ಗುರುತಿಟ್ಟುಕೊಂಡು ಎರಡನೇ ಸಲ ಇನಿಟ್‌ರಾಮ್‌ಎಫ್‌ಎಸ್ ಜೊತೆ ಎಬ್ಬಿಸುತ್ತದೆ. ವರ್ಚುವಲ್ ಯಂತ್ರದ ಹಾರ್ಡ್‌ವೇರ್ ಎಂಥದ್ದು ಎಂದು ಮೊದಲೇ ಗೊತ್ತಿರುವುದರಿಂದ ಈ ಧೈರ್ಯ.

ಕಾಲೇಜಿನ ಮೇಷ್ಟ್ರುಗಳು, ಮೇಡಂಗಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲೊಂದು ಬೇಡಿಕೆ. ಲ್ಯಾಬಿನಲ್ಲಿ ಮೂಲೆಗೆ ಸರಿಸಿದ ಹಳೆಯ ಡೆಸ್ಕ್‌ಟಾಪುಗಳಿದ್ದರೆ ಒಂದೆರಡನ್ನು ಈ ಹುಡುಗ ಹುಡುಗಿಯರಿಗೆ ಕೊಡಿ, ಕೆಟ್ಟರೂ ಯಾರೂ ಬೈಯದಂಥವು. ಡಿಸ್ಕ್ ಹೋದ ಯಂತ್ರವಾದರೂ ಪರವಾಗಿಲ್ಲ. ಕರ್ನಲ್ಲಿನೊಳಗೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಡಿಎಚ್‌ಸಿಪಿ, ಎನ್‌ಎಫ್‌ಎಸ್ ರೂಟ್ ಬೆಸೆದರೆ ಅದು ಡಿಸ್ಕೇ ಇಲ್ಲದೆ, ಇನಿಟ್‌ರಾಮ್‌ಎಫ್‌ಎಸ್ಸೂ ಇಲ್ಲದೆ, ಕೇಬಲ್ಲಿನ ಆ ತುದಿಯಲ್ಲಿರುವ ಯಂತ್ರದಿಂದ ತನ್ನ ರೂಟನ್ನು ತಂದುಕೊಂಡು ಏಳುತ್ತದೆ. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಇದು ಧಾರಾಳವಾಗಿ ಸಾಕು.

ಒಂದು ಮಾತು ಕನ್ನಡದ ಬಗ್ಗೆ. ಬೂಟ್ ಆಗುವಾಗಿನ ಆ ಕಪ್ಪು ಪರದೆಯ ಮೇಲೆ ಕನ್ನಡ ಬರುವುದಿಲ್ಲ. ಕರ್ನಲ್ಲಿನ ಕನ್ಸೋಲಿಗೆ ಹೆಚ್ಚೆಂದರೆ 512 ಅಕ್ಷರರೂಪಗಳು, ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಅಲ್ಲಿನ ಸಂದೇಶಗಳ ಅರ್ಥವನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ಮನುಷ್ಯರದ್ದೇ. ಓಂಶಿವಪ್ರಕಾಶ್ ಅವರು ‘ಲಿನಕ್ಸಾಯಣ’ದಲ್ಲಿ ಲಿನಕ್ಸನ್ನು ಕನ್ನಡದಲ್ಲಿ ಹೇಳಿಕೊಡುವ ಕೆಲಸ ಮಾಡಿದ್ದಾರೆ, ಅದನ್ನು ಬೂಟಿಂಗಿನ ಇಷ್ಟು ಒಳಗಿನವರೆಗೆ ತರುವವರು ನೀವಾಗಬಹುದು. ನಿಮ್ಮ ಯಂತ್ರದ ಕಂಟ್ರೋಲರ್ ಯಾವುದು, ಯಾವ ಆಯ್ಕೆಗೆ ನಕ್ಷತ್ರ ಹಾಕಿದಿರಿ, ಯಾವುದನ್ನು ಬಿಟ್ಟಾಗ ಯಾವ ಸಂದೇಶ ಬಂತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ. ನಿಮ್ಮ ಹಿಂದಿನ ಸಾಲಿನಲ್ಲಿ ಕೂತಿರುವ, ಇಂಗ್ಲಿಷಿಗೆ ಹೆದರಿ ಟರ್ಮಿನಲ್ ತೆರೆಯದ ಹುಡುಗಿಗೆ ಆ ನೋಟ್‌ಬುಕ್ ಕೊಡಿ.

ಮುಂದಿನ ಸಲ ನಾನು ಊರಿಗೆ ಬಂದಾಗ ಯಂತ್ರ ತನ್ನಿ, ನೋಟ್‌ಬುಕ್ಕೂ ತನ್ನಿ. ಯಂತ್ರ ತರಲಾಗದಿದ್ದರೆ ಪ್ಯಾನಿಕ್ ಆದ ಪರದೆಯ ಫೋಟೊ ಸಾಕು. ಕೊನೆಯ ಸಾಲೊಂದನ್ನೇ ತೆಗೆಯಬೇಡಿ. ಪಾರ್ಟಿಶನ್ನುಗಳ ಪಟ್ಟಿ ಅದರ ಮೇಲಿರುತ್ತದೆ, ಇಡೀ ಪರದೆ ಬರಲಿ.

ಇಂತಿ,
ನಿಮ್ಮ ಹೋಬಳಿಯ ಅಣ್ಣ